ವಯಸ್ಸಿಗೆ ಸಾಕ್ಷಿ ಹೇಳಬೇಕಾದವರು ಯಾರು?

ಹಳ್ಳಿಯ ಗೂಡಂಗಡಿಗೆ ಹದಿನೈದರ ಬಾಲಕನೊಬ್ಬ ಬಂದು ಸಿಗರೇಟು ಕೇಳಿದರೆ ಅಂಗಡಿಯವರು ಮೊದಲು ಅವನ ಮುಖ ನೋಡುತ್ತಾರೆ. "ನೀನು ಇಂಥವರ ಮಗನಲ್ಲವೇನಪ್ಪಾ?" ಎಂಬ ಒಂದೇ ಮಾತು ಅವನನ್ನು ಬರಿಗೈಯಲ್ಲಿ ಮರಳಿಸಲು ಸಾಕು. ಎಲ್ಲ ಅಂಗಡಿಯವರೂ ಹೀಗೆಯೇ ನಡೆದುಕೊಳ್ಳುತ್ತಾರೆಂದು ನಾವು ಹೇಳಲಾರೆವು. ಲಾಭದ ಆಸೆಗೆ ಕಣ್ಣು ಮುಚ್ಚಿಕೊಳ್ಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೂ ಅಲ್ಲಿ ನೋಡಿ ನಿರ್ಧರಿಸುವ ಮತ್ತು ನಾಳೆ ಊರಿಗೆ ಉತ್ತರ ಹೇಳಬೇಕಾದ ಒಬ್ಬ ಮನುಷ್ಯ ಇರುತ್ತಾನೆ. ಮೊಬೈಲ್ ಪರದೆಯ ಮೇಲಿನ ಅಂಗಡಿಯಲ್ಲಿ ಅಂಥವನಿಲ್ಲ. "ನಿಮಗೆ 18 ವರ್ಷ ತುಂಬಿದೆಯೇ?" ಎಂದು ಅದು ಕೇಳುತ್ತದೆ, "ಹೌದು" ಎಂಬಲ್ಲಿ ಬೆರಳು ಒತ್ತಿದರೆ ಮುಂದಿನ ಪುಟ ತೆರೆದುಕೊಳ್ಳುತ್ತದೆ.

ಆನ್‌ಲೈನ್ ವ್ಯಾಪಾರ ಬೆಳೆದಂತೆಲ್ಲ ವಯೋನಿರ್ಬಂಧವಿರುವ ವಸ್ತುಗಳ ಮಾರಾಟದ ಪ್ರಶ್ನೆ ಜಟಿಲವಾಗುತ್ತಿದೆ. ಇದಕ್ಕೆ ಎರಡು ಮುಖಗಳಿವೆ. ತಡೆಯಬೇಕಾದ ಎಳೆಯರು ಒಂದು ಸುಳ್ಳು ಒತ್ತಿನಿಂದ ಸುಲಭವಾಗಿ ದಾಟಿಹೋಗುತ್ತಾರೆ. ತಡೆಯಬಾರದ ಹಿರಿಯರು ಕಾಗದಪತ್ರಗಳ ಗೊಂದಲದಿಂದಾಗಿ ತಮ್ಮ ವಯಸ್ಸನ್ನು ತಾವೇ ರುಜುವಾತು ಮಾಡಲಾಗದೆ ನಿಲ್ಲುತ್ತಾರೆ. ಸಾರ್ವಜನಿಕ ಚರ್ಚೆಯಲ್ಲಿ ಮೊದಲನೆಯದು ಮಾತ್ರ ಕೇಳಿಬರುತ್ತದೆ. ಎರಡನ್ನೂ ಒಟ್ಟಿಗೆ ನೋಡದೆ ಪರಿಹಾರ ಹುಡುಕಹೊರಟರೆ ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೊಂದನ್ನು ಮಾಡಿದಂತಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ತಂಬಾಕು ಉತ್ಪನ್ನಗಳ ಕುರಿತ 2003ರ ಕೇಂದ್ರ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರಿಗೆ ಬೀಡಿ, ಸಿಗರೇಟು, ಗುಟ್ಕಾ ಮುಂತಾದವುಗಳನ್ನು ಮಾರುವಂತಿಲ್ಲ. ನಮ್ಮ ರಾಜ್ಯವು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2024ರಲ್ಲಿ ವಿಧಾನಮಂಡಲ ಅಂಗೀಕರಿಸಿ, ರಾಷ್ಟ್ರಪತಿಗಳ ಅಂಕಿತ ದೊರೆತು 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕರ್ನಾಟಕ ತಿದ್ದುಪಡಿ ಕಾಯ್ದೆಯು ಈ ವಯೋಮಿತಿಯನ್ನು 21ಕ್ಕೆ ಏರಿಸಿತು. ಹುಕ್ಕಾ ಬಾರ್‌ಗಳನ್ನು ನಿಷೇಧಿಸಿತು. ಬಿಡಿ ಸಿಗರೇಟು ಮಾರಾಟಕ್ಕೆ ತಡೆಯೊಡ್ಡಿತು. ಬಾಲನ್ಯಾಯ ಕಾಯ್ದೆ 2015ರ 77ನೆಯ ಕಲಮು ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕನ್ನು ಕೊಡುವುದಕ್ಕೆ ಏಳು ವರ್ಷಗಳವರೆಗಿನ ಕಠಿಣ ಸಜೆಯನ್ನು ವಿಧಿಸುತ್ತದೆ. ಕಾನೂನಿನ ಪುಸ್ತಕದಲ್ಲಿ ಕಠೋರತೆಗೆ ಕೊರತೆಯಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಅಂಶವನ್ನು ಹೆಚ್ಚಿನವರು ಗಮನಿಸುವುದಿಲ್ಲ. ತಂಬಾಕು ಕಾಯ್ದೆಯಡಿ ರಚಿಸಲಾದ ನಿಯಮಗಳ ಪ್ರಕಾರ, ಕೊಳ್ಳುವವನು ಅಪ್ರಾಪ್ತ ವಯಸ್ಕನಲ್ಲ ಎಂಬುದನ್ನು ರುಜುವಾತುಪಡಿಸುವ ಹೊಣೆ ಮಾರುವವನ ಮೇಲಿದೆ. ಸಂದೇಹ ಬಂದರೆ ವಯಸ್ಸಿನ ಪುರಾವೆ ಕೇಳಬೇಕಾದವನೂ ಅವನೇ. ಗಿರಾಕಿ ಸುಳ್ಳು ಹೇಳಿದ ಎಂದ ಮಾತ್ರಕ್ಕೆ ಮಾರಿದವನ ಹೊಣೆ ಕಳೆಯುವುದಿಲ್ಲ. ಆನ್‌ಲೈನ್ ವ್ಯಾಪಾರದಲ್ಲಿ ಸದ್ದಿಲ್ಲದೆ ಅದಲುಬದಲಾಗಿರುವುದು ಈ ನ್ಯಾಯವೇ. "ಹೌದು" ಎಂಬ ಗುಂಡಿಯನ್ನು ಇಟ್ಟ ಕೂಡಲೇ ತನ್ನ ಕರ್ತವ್ಯ ಮುಗಿಯಿತೆಂದು ಮಾರಾಟಗಾರ ಭಾವಿಸುತ್ತಾನೆ. ಸುಳ್ಳಿನ ಪಾಪ ಒತ್ತಿದವನ ತಲೆಗೆ, ಲಾಭ ಮಾರಿದವನ ಖಾತೆಗೆ.

ಇದರ ಪರಿಣಾಮ ಎಷ್ಟು ಭೀಕರವಾಗಬಲ್ಲದು ಎಂಬುದಕ್ಕೆ ಆ್ಯಸಿಡ್ ಮಾರಾಟದ ಉದಾಹರಣೆ ಸಾಕು. 2013ರ ಜುಲೈ 18ರಂದು ಸುಪ್ರೀಂ ಕೋರ್ಟ್ ಆ್ಯಸಿಡ್ ಮಾರಾಟದ ಬಗ್ಗೆ ಸ್ಪಷ್ಟ ನಿರ್ದೇಶನಗಳನ್ನು ನೀಡಿತು. ಮಾರುವವರು ರಿಜಿಸ್ಟರ್ ಇಡಬೇಕು. ಕೊಳ್ಳುವವರ ವಿಳಾಸ ಮತ್ತು ಪ್ರಮಾಣವನ್ನು ಅದರಲ್ಲಿ ದಾಖಲಿಸಬೇಕು. ಸರ್ಕಾರ ನೀಡಿದ ಭಾವಚಿತ್ರವುಳ್ಳ ಗುರುತಿನ ಚೀಟಿ ನೋಡಬೇಕು. ಯಾವ ಉದ್ದೇಶಕ್ಕೆ ಎಂದು ಬರೆಸಿಕೊಳ್ಳಬೇಕು. 18 ವರ್ಷದೊಳಗಿನವರಿಗೆ ಎಷ್ಟು ಮಾತ್ರಕ್ಕೂ ಕೊಡಕೂಡದು. ಉಲ್ಲಂಘಿಸಿದರೆ 50,000 ರೂಪಾಯಿಗಳವರೆಗೆ ದಂಡ. ಆದರೆ 2022ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಶಾಲೆಗೆ ಹೊರಟಿದ್ದ ಹದಿನೇಳರ ಬಾಲಕಿಯ ಮುಖಕ್ಕೆ ಆ್ಯಸಿಡ್ ಎರಚಿದ ಪ್ರಕರಣದಲ್ಲಿ, ಆರೋಪಿಯು ಅದನ್ನು ಆನ್‌ಲೈನ್ ಮೂಲಕ ತರಿಸಿಕೊಂಡಿದ್ದನೆಂದು ಪೊಲೀಸರು ಹೇಳಿದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಎರಡು ದೊಡ್ಡ ಮಾರಾಟ ಜಾಲಗಳಿಗೆ ನೋಟಿಸ್ ಜಾರಿಮಾಡಿತು. ಬೀದಿಯ ಅಂಗಡಿಗೆಂದು ಬರೆದ ನಿರ್ದೇಶನ ಒಂಬತ್ತು ವರ್ಷ ಕಳೆದರೂ ಪರದೆಯ ಅಂಗಡಿಯನ್ನು ತಲುಪಿರಲಿಲ್ಲ.

ತಂಬಾಕಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಆನ್‌ಲೈನ್ ಅಂಗಡಿಗೆ ರಾಜ್ಯದ ಗಡಿ ಕಾಣಿಸುವುದಿಲ್ಲ. ಇಡೀ ದೇಶಕ್ಕೆ ಒಂದೇ ಪುಟ, ಒಂದೇ ಪ್ರಶ್ನೆ. 18 ತುಂಬಿದೆಯೇ ಎಂದಷ್ಟೇ ಕೇಳುವ ಪುಟದಲ್ಲಿ ಧಾರವಾಡದ ಹತ್ತೊಂಬತ್ತರ ಕಾಲೇಜು ವಿದ್ಯಾರ್ಥಿ "ಹೌದು" ಎಂದರೆ ಅವನು ಸುಳ್ಳು ಹೇಳಿದಂತಾಗುವುದಿಲ್ಲ. ಆದರೂ ಅವನಿಗೆ ಮಾರುವುದು ಕರ್ನಾಟಕದ ಕಾನೂನಿಗೆ ವಿರುದ್ಧ. ಸಾಮಾನು ತಲುಪಬೇಕಾದ ಪಿನ್‌ಕೋಡ್ ಮಾರಾಟಗಾರನ ಕೈಯಲ್ಲೇ ಇರುತ್ತದೆ. ಸಾಗಣೆ ವೆಚ್ಚ ಲೆಕ್ಕಹಾಕಲು ಉಪಯೋಗಿಸುವ ಆ ಆರು ಅಂಕಿಗಳನ್ನು ವಯೋಮಿತಿ ನಿರ್ಧರಿಸಲು ಉಪಯೋಗಿಸಬಾರದೇಕೆ?

ಇನ್ನು ಎರಡನೆಯ ಮುಖ. "ಎಲ್ಲರಿಂದಲೂ ದಾಖಲೆ ಪಡೆದರೆ ಆಯಿತಲ್ಲ" ಎಂದು ಹೇಳುವವರಿದ್ದಾರೆ. ನಮ್ಮ ಜನರ ದಾಖಲೆಗಳ ಸ್ಥಿತಿ ಬಲ್ಲವರು ಹೀಗೆ ಹೇಳಲಾರರು. ನಮ್ಮ ಹಳ್ಳಿಗಳಲ್ಲಿ ಐವತ್ತು ದಾಟಿದವರನ್ನು ಜನ್ಮದಿನ ಕೇಳಿದರೆ "ಜೂನ್ ಒಂದು" ಎನ್ನುವವರು ಬಹಳ ಮಂದಿ. ಅಂದು ಅವರೆಲ್ಲ ಹುಟ್ಟಿದರೆಂದಲ್ಲ. ಶಾಲೆಗಳು ತೆರೆಯುವ ಹೊತ್ತಿಗೆ ಮಗುವಿಗೆ ವಯಸ್ಸು ತುಂಬಿರಲೆಂದು ಹೆಡ್‌ಮಾಸ್ತರರು ಬರೆದುಕೊಂಡ ದಿನಾಂಕವದು. ತಾಯಿಗೆ ನೆನಪಿದ್ದುದು ಕಾರ ಹುಣ್ಣಿಮೆಯ ಮರುದಿನವೆಂದೋ, ಬರಗಾಲದ ವರ್ಷವೆಂದೋ. ಶಾಲೆಯ ಮೆಟ್ಟಿಲು ಹತ್ತದವರಿಗೆ ಆ ಜೂನ್ ಒಂದೂ ಇಲ್ಲ. ಆಧಾರ್ ನೋಂದಣಿಯ ಆರಂಭದ ವರ್ಷಗಳಲ್ಲಿ ದಾಖಲೆಯಿಲ್ಲದವರ ವಯಸ್ಸನ್ನು ಅವರ ಬಾಯಿಮಾತಿನಂತೆ ಬರೆದುಕೊಳ್ಳಲಾಯಿತು. ಎಷ್ಟೋ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಅಚ್ಚಾಯಿತು. ಹೀಗಾಗಿ ಒಬ್ಬರೇ ವ್ಯಕ್ತಿ ಅಂಕಪಟ್ಟಿಯಲ್ಲಿ ಒಂದು ವಯಸ್ಸಿನವರು, ಆಧಾರ್‌ನಲ್ಲಿ ಇನ್ನೊಂದು, ಮತದಾರರ ಚೀಟಿಯಲ್ಲಿ ಮತ್ತೊಂದು.

ಇದು ಕೇವಲ ಹಳ್ಳಿಗರ ಅಳಲಲ್ಲ. ದೇಶದ ಅತ್ಯುನ್ನತ ನ್ಯಾಯಾಲಯವೂ ಇದನ್ನು ಎದುರಿಸಬೇಕಾಯಿತು. ಅಪಘಾತವೊಂದರಲ್ಲಿ ಮೃತಪಟ್ಟವರ ಕುಟುಂಬಕ್ಕೆ ಪರಿಹಾರ ನಿಗದಿಪಡಿಸುವಾಗ ಶಾಲೆಯ ದಾಖಲೆಯಂತೆ ಅವರಿಗೆ 45 ವರ್ಷವೋ ಆಧಾರ್‌ನಂತೆ 47 ವರ್ಷವೋ ಎಂಬ ಪ್ರಶ್ನೆ ಎದ್ದಿತು. ಎರಡು ವರ್ಷಗಳ ಈ ಅಂತರದಿಂದ ಪರಿಹಾರದ ಲೆಕ್ಕವೇ ಬದಲಾಗುತ್ತಿತ್ತು. ಆಧಾರ್ ಗುರುತಿನ ದಾಖಲೆಯೇ ಹೊರತು ಜನ್ಮದಿನಾಂಕದ ದಾಖಲೆಯಲ್ಲ ಎಂದು ಆಧಾರ್ ಪ್ರಾಧಿಕಾರವೇ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಗಮನಿಸಿದ ಸುಪ್ರೀಂ ಕೋರ್ಟ್, 2024ರ ಅಕ್ಟೋಬರ್ 24ರಂದು ಶಾಲೆಯ ದಾಖಲೆಯನ್ನೇ ಎತ್ತಿಹಿಡಿಯಿತು. ಭವಿಷ್ಯನಿಧಿ ಸಂಘಟನೆಯೂ 2024ರ ಜನವರಿಯಲ್ಲಿ ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರ್ ಅನ್ನು ಕೈಬಿಟ್ಟಿತು. ವಯಸ್ಸಿನ ಪುರಾವೆಯೆಂದು ಜನಸಾಮಾನ್ಯರು ಮೊದಲು ಕೈಗೆತ್ತಿಕೊಳ್ಳುವ ಕಾರ್ಡನ್ನೇ ನ್ಯಾಯಾಲಯ ಅಂತಿಮ ಸಾಕ್ಷಿಯೆಂದು ಒಪ್ಪುವುದಿಲ್ಲ ಎಂದಾದರೆ, ಪರದೆಯ ಅಂಗಡಿಗೆ ಅವರು ಏನನ್ನು ತೋರಿಸಬೇಕು?

ಮುಂದಿನ ಪೀಳಿಗೆಗೆ ಈ ತೊಂದರೆ ಕಡಿಮೆಯಾಗಬಹುದು. ಜನನ ಮರಣ ನೋಂದಣಿ ಕಾಯ್ದೆಗೆ ತಂದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಹಿಡಿದು ವಾಹನ ಚಾಲನಾ ಪರವಾನಗಿಯವರೆಗೆ ಜನನ ಪ್ರಮಾಣಪತ್ರವೇ ಜನ್ಮದಿನಾಂಕದ ಆಧಾರ. ಆದರೆ ಆ ಮಕ್ಕಳು ಪ್ರಾಯಕ್ಕೆ ಬರುವವರೆಗೆ ಇಂದಿನ ಗೊಂದಲ ನಮ್ಮೊಂದಿಗೇ ಇರುತ್ತದೆ.

ದಾಖಲೆ ಕೊಟ್ಟವರಿಗೆ ಇನ್ನೊಂದು ಭಯ. ಗುರುತಿನ ಚೀಟಿಯ ಫೋಟೋ ಒಮ್ಮೆ ಕೈಬಿಟ್ಟ ಮೇಲೆ ಅದು ಯಾರ ಕಂಪ್ಯೂಟರಿನಲ್ಲಿ ಕುಳಿತಿದೆ ಎಂಬುದು ಕೊಟ್ಟವರಿಗೆ ತಿಳಿಯುವುದಿಲ್ಲ. ಬ್ರಿಟನ್‌ನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ಜಾಲತಾಣಗಳಿಗೆ ಕಟ್ಟುನಿಟ್ಟಿನ ವಯಸ್ಸಿನ ಪರಿಶೀಲನೆ ಕಡ್ಡಾಯವಾಯಿತು. ಇತರ ಅನೇಕ ಜಾಲತಾಣಗಳೂ ಬಳಕೆದಾರರಿಂದ ಮುಖದ ಚಿತ್ರ ಇಲ್ಲವೇ ಗುರುತಿನ ಚೀಟಿ ಕೇಳತೊಡಗಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಸಂಸ್ಥೆಯು, ವಯಸ್ಸಿಗೆ ಸಂಬಂಧಿಸಿದ ಮನವಿಗಳೊಡನೆ ಬಂದಿದ್ದ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಗಳ ಚಿತ್ರಗಳು ತನ್ನ ಪರವಾಗಿ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯ ಮೂಲಕ ಸೋರಿಹೋಗಿರಬಹುದೆಂದು ಪ್ರಕಟಿಸಿತು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಮುಖ, ಹುಟ್ಟಿದ ದಿನ ಬದಲಿಸಲಾದೀತೇ?

ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದವರು ನಮ್ಮ ನಾಡಿನವರೆಂಬುದನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. ಒಬ್ಬ ವ್ಯಕ್ತಿಯಿಂದ ಕೇಳುವ ಮಾಹಿತಿಯು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಆ ತೀರ್ಪಿನಿಂದ ನಾವು ಕಲಿಯಬೇಕಾದ ಪಾಠ.

ಈ ಪಾಠವನ್ನೇ ವಯಸ್ಸಿನ ಪ್ರಶ್ನೆಗೆ ಅನ್ವಯಿಸಿದರೆ ದಾರಿ ಕಾಣುತ್ತದೆ. ಮಾರುವವನಿಗೆ ತಿಳಿಯಬೇಕಾದದ್ದು ಒಂದೇ ಸಂಗತಿ: ಈ ವ್ಯಕ್ತಿ ವಯೋಮಿತಿ ದಾಟಿದ್ದಾನೋ ಇಲ್ಲವೋ. ಅದಕ್ಕೆ ಹೆಸರು, ತಂದೆಯ ಹೆಸರು, ವಿಳಾಸ, ಹುಟ್ಟಿದ ತಾರೀಖು ಯಾವುದೂ ಬೇಕಿಲ್ಲ. ಹೊಸ ಆಧಾರ್ ಆ್ಯಪ್‌ನಲ್ಲಿ ಎಲ್ಲ ವಿವರಗಳ ಬದಲು ಬೇಕಾದುದನ್ನಷ್ಟೇ ಆಯ್ದು ತೋರಿಸುವ ಸೌಲಭ್ಯ ಬಂದಿದೆ. ದಾಖಲೆಯ ಜೆರಾಕ್ಸ್ ಪ್ರತಿ ಕೇಳುವ ಹಳೆಯ ಚಾಳಿ ಬಿಟ್ಟು ವ್ಯಾಪಾರಿಗಳು ಇಂತಹ ಕ್ರಮಕ್ಕೆ ಬರಬೇಕು. ಆದರೆ ಇದೊಂದನ್ನೇ ನೆಚ್ಚುವಂತಿಲ್ಲ. ಸ್ಮಾರ್ಟ್‌ಫೋನ್ ಇಲ್ಲದವರಿಗೆ, ದಾಖಲೆಯಲ್ಲಿ ವಯಸ್ಸು ತಪ್ಪಾಗಿರುವವರಿಗೆ ಬೇರೊಂದು ಬಾಗಿಲು ತೆರೆದಿರಲೇಬೇಕು.

ಆ ಬಾಗಿಲು ಮನೆಯ ಬಾಗಿಲೇ ಆಗಬಹುದು. ಸಾಮಾನು ಪರದೆಯಿಂದ ನೇರವಾಗಿ ಕೈಗೆ ಬೀಳುವುದಿಲ್ಲ. ಒಬ್ಬ ಮನುಷ್ಯ ಅದನ್ನು ತಂದು ಕೊಡುತ್ತಾನೆ. ಎಪ್ಪತ್ತರ ಅಜ್ಜಿಯ ಮುಂದೆ ನಿಂತವನಿಗೆ ಅವರ ವಯಸ್ಸು ತಿಳಿಯಲು ಯಾವ ಕಾಗದವೂ ಬೇಡ. ಬ್ರಿಟನ್ನಿನ 2019ರ ಕಾಯ್ದೆಯೊಂದು ಆನ್‌ಲೈನ್‌ನಲ್ಲಿ ಕೊಂಡ ಚಾಕುಗಳನ್ನು ಮನೆಗೆ ತಲುಪಿಸುವಾಗ ವಯಸ್ಕರ ಕೈಗೇ ಕೊಡಬೇಕೆಂದು ವಿಧಿಸಿದೆ. ನಮ್ಮಲ್ಲಿಯೂ ಇಂತಹ ನಿಯಮ ಬರಬೇಕು. ಆದರೆ ಹತ್ತು ನಿಮಿಷದೊಳಗೆ ತಲುಪಿಸದಿದ್ದರೆ ಅಂದಿನ ಗಳಿಕೆಗೆ ಪೆಟ್ಟು ಬಿದ್ದೀತೆಂದು ಓಡುವ ಡೆಲಿವರಿ ಹುಡುಗನ ತಲೆಯ ಮೇಲೆ ಈ ಹೊಣೆಯನ್ನು ಹೊರಿಸಿ ಕಂಪನಿ ಪಾರಾಗಕೂಡದು. ಸಂದೇಹ ಬಂದು ಸಾಮಾನನ್ನು ವಾಪಸು ಒಯ್ದರೆ ಅವನ ಕೂಲಿಗೆ ಕತ್ತರಿ ಬೀಳಬಾರದು. ಇಲ್ಲದಿದ್ದರೆ ಕಂಡರೂ ಕಾಣದಂತೆ ಕೊಟ್ಟುಹೋಗುವುದು ಅವನಿಗೆ ಅನಿವಾರ್ಯವಾಗುತ್ತದೆ.

ಸರ್ಕಾರಕ್ಕೆ ಇದು ಒಳ್ಳೆಯ ಸಮಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. 18ರೊಳಗಿನವರ ಮಾಹಿತಿ ಬಳಸುವ ಮುನ್ನ ತಂದೆತಾಯಿಗಳ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕೆಂದು ಅವು ಹೇಳುತ್ತವೆ. ಮುಖ್ಯ ಕಟ್ಟುಪಾಡುಗಳಿಗೆ ಸಿದ್ಧರಾಗಲು ಸಂಸ್ಥೆಗಳಿಗೆ ಹದಿನೆಂಟು ತಿಂಗಳ ಅವಧಿ ನೀಡಲಾಗಿದೆ. ಈ ಅವಧಿಯಲ್ಲೇ ನಿರ್ಬಂಧಿತ ವಸ್ತುಗಳ ಮಾರಾಟಕ್ಕೂ ಒಂದು ಸರಳ ಕ್ರಮವನ್ನು ರೂಪಿಸಿ, ಹೊಣೆ ಮಾರುವವರದೇ ಎಂದು ಸ್ಪಷ್ಟಪಡಿಸಿದರೆ ಮುಂದಿನ ಎಷ್ಟೋ ವ್ಯಾಜ್ಯಗಳು ತಪ್ಪುತ್ತವೆ.

ಸರ್ಕಾರ ಮಾಡಲಿ ಎಂದು ಕೈಕಟ್ಟಿ ಕೂರುವುದು ನಮಗೆ ತರವಲ್ಲ. ವ್ಯಾಪಾರವನ್ನೂ ಕಾಯಕವೆಂದು ಗೌರವಿಸಿದ ಪರಂಪರೆ ನಮ್ಮದು. ಸತ್ಯಶುದ್ಧವಲ್ಲದ ದುಡಿಮೆ ಕಾಯಕವಾಗದು ಎಂಬುದನ್ನು ನಮ್ಮ ವರ್ತಕ ಬಂಧುಗಳಿಗೆ ಹೊಸದಾಗಿ ಹೇಳಬೇಕಿಲ್ಲ. ಅಂಗಡಿ ಬೀದಿಯಲ್ಲಿರಲಿ, ಮೊಬೈಲಿನಲ್ಲಿರಲಿ, ತನ್ನ ಮಗುವಿನ ಕೈಗೆ ಕೊಡದ ವಸ್ತುವನ್ನು ಪರರ ಮಗುವಿನ ಕೈಗೂ ಕೊಡೆನೆಂಬ ಸಂಕಲ್ಪ ಅವರಲ್ಲಿರಲಿ.

ಭಕ್ತಾದಿಗಳಲ್ಲಿ ನಮ್ಮ ವಿನಂತಿ ಇಷ್ಟು. ಮನೆಯಲ್ಲಿರುವ ಎಲ್ಲರ ದಾಖಲೆಗಳನ್ನು ಒಮ್ಮೆ ಹರಡಿಕೊಂಡು ನೋಡಿರಿ. ಹೆಸರು, ಜನ್ಮದಿನಾಂಕಗಳು ತಾಳೆಯಾಗದಿದ್ದರೆ ತುರ್ತು ಬರುವ ಮೊದಲೇ ತಿದ್ದಿಸಿಕೊಳ್ಳಿರಿ. ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಲು ಮತ್ತೆ ಮತ್ತೆ ಅವಕಾಶವಿಲ್ಲವಾದ್ದರಿಂದ ಸರಿಯಾದ ದಾಖಲೆಯೊಡನೆಯೇ ಹೋಗಿರಿ. ಪ್ರತಿ ಕೊಡಲೇಬೇಕಾದಾಗ ಮೊದಲ ಎಂಟು ಅಂಕಿಗಳನ್ನು ಮರೆಮಾಚಿದ ಆಧಾರ್ ಪ್ರತಿಯನ್ನು ಕೊಡಿರಿ. ನಿಮ್ಮ ಫೋನು, ಅದರೊಳಗಿನ ಓಟಿಪಿ, ಹಣ ಪಾವತಿಯ ಗುಪ್ತಸಂಖ್ಯೆ ಮಕ್ಕಳ ಕೈಗೆ ಸಲೀಸಾಗಿ ಸಿಕ್ಕರೆ ಯಾವ ಕಾನೂನಿನ ಬೇಲಿಯೂ ನಿಲ್ಲದು. ಏಕೆಂದರೆ ಪರದೆಯ ಅಂಗಡಿಗೆ ಆಗ ಕಾಣುವುದು ಮಗುವಲ್ಲ, ನೀವು. ಮನೆಗೆ ಬಂದ ಪೊಟ್ಟಣವನ್ನು ಯಾರು ತರಿಸಿದರು, ಅದರಲ್ಲೇನಿದೆ ಎಂದು ಕೇಳುವುದು ಸಂಶಯವಲ್ಲ, ಹಿರಿಯರ ಕರ್ತವ್ಯ.

ಗೂಡಂಗಡಿಯವರು ಕೇಳುತ್ತಿದ್ದ ಆ ಪ್ರಶ್ನೆಯನ್ನು ಪರದೆ ಎಂದಿಗೂ ಕೇಳಲಾರದು. ಅದನ್ನು ಕೇಳುವಂತೆ ಕಾನೂನು ಮಾರಾಟಗಾರನನ್ನು ಕಟ್ಟಿಹಾಕಲಿ. ಅಲ್ಲಿಯವರೆಗೆ, ಆ ನಂತರವೂ, ಮನೆಯ ಹಿರಿಯರು ಕೇಳುತ್ತಿರಲಿ.