ಗೇಟು ನನ್ನದು, ರಸ್ತೆ ನನ್ನದಲ್ಲ

ಪುಣೆಯಲ್ಲಿರುವವರಿಗೆ ಪುಣೇರಿ ಪಾಟಿಗಳ ಬಗ್ಗೆ ನಾನು ಹೇಳಬೇಕಾಗಿಲ್ಲ. ಬೇರೆ ಊರುಗಳವರಿಗಾಗಿ ಎರಡು ಮಾತು. ಪಾಟಿ ಅಂದರೆ ಬೋರ್ಡು. ಇಲ್ಲಿಯ ಹಳೇ ಮಂದಿ ಹೇಳಬೇಕಾದ್ದನ್ನು ಬಾಯಿಂದ ಹೇಳುವುದಿಲ್ಲ, ಬೋರ್ಡು ಬರೆದು ಗೇಟಿಗೆ ತೂಗುಹಾಕುತ್ತಾರೆ. ಬೆಲ್ ಒಂದೇ ಸಲ ಒತ್ತಿರಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಒತ್ತಲೇಬೇಡಿರಿ. ಜೋಶಿಯವರ ಮನೆ ಇದಲ್ಲ, ಎಲ್ಲಿದೆ ಅಂತ ನಮ್ಮನ್ನು ಕೇಳಬೇಡಿರಿ... ಹೀಗೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಮಾತ್ರ ಒಂದೇ: "ಗೇಟ್ ಸಮೋರ್ ಗಾಡ್ಯಾ ಲಾವೂ ನಯೇತ್." ಗೇಟಿನ ಮುಂದೆ ಗಾಡಿ ನಿಲ್ಲಿಸಬಾರದು. ಸಿಟ್ಟು ಜಾಸ್ತಿ ಇದ್ದವರು ಅದರ ಕೆಳಗೆ ಇನ್ನೊಂದು ಸಾಲು ಸೇರಿಸುತ್ತಾರೆ: "ಹವಾ ಸೋಡಲೀ ಜಾಯಿಲ್." ಗಾಳಿ ಬಿಡಲಾಗುವುದು!

ಧಾರವಾಡ ಬಿಟ್ಟು ಇಲ್ಲಿಗೆ ಬಂದ ಹೊಸದರಲ್ಲಿ ಇವನ್ನು ಓದಿ ಓದಿ ನಕ್ಕಿದ್ದೆ. ಹೋದ ವರ್ಷ ನನ್ನ ಗೇಟಿಗೂ ಒಂದು ಬಂತು. ಎರಡನೇ ಸಾಲು ಸಹಿತ!

ಮೊದಲಿನಿಂದ ಹೇಳುತ್ತೇನೆ. ಕೋಥರೂಡಿನ ಈ ಓಣಿಯಲ್ಲಿ ನಾವು ಮನೆ ತೆಗೆದುಕೊಂಡದ್ದು 1996ರಲ್ಲಿ. ಆಗ ಇಡೀ ಓಣಿಯಲ್ಲಿ ನಾಲ್ಕೈದು ಕಾರು, ಉಳಿದದ್ದೆಲ್ಲ ಸ್ಕೂಟರು. ಹುಡುಗರು ರಸ್ತೆಯ ನಡುವೆಯೇ ಕ್ರಿಕೆಟ್ ಆಡುತ್ತಿದ್ದರು. ಆಮೇಲೆ ಒಂದೊಂದೇ ಬಂಗಲೆ ಕೆಡವಿ ಬಿಲ್ಡಿಂಗು ಎಬ್ಬಿಸುವುದು ಶುರುವಾಯಿತು. ನಮ್ಮ ಎದುರಿನ ಬಂಗಲೆಯಲ್ಲಿ ಮೊದಲು ಇದ್ದದ್ದು ಒಂದು ಸಂಸಾರ, ಒಂದು ಹಳೇ ಫಿಯೆಟ್. ಈಗ ಅಲ್ಲಿ ಹನ್ನೆರಡು ಫ್ಲ್ಯಾಟು. ಕೆಳಗೆ ಕಂಬಗಳ ನಡುವೆ ಎಂಟು ಕಾರಿಗೆ ಜಾಗ. ಉಳಿದವು ಎಲ್ಲಿಗೆ ಹೋಗಬೇಕು? ರಸ್ತೆಗೆ. ರಸ್ತೆಗೆ ಬಂದವುಗಳಲ್ಲಿ ಒಂದು ಬಿಳಿ ಕಾರು ನಮ್ಮ ಗೇಟಿನ ಮುಂದೆ.

ಪೂರ್ತಿ ಅಡ್ಡ ಅಲ್ಲ. ಅರ್ಧ. ಮನುಷ್ಯ ಹೋಗಬಹುದು, ಸ್ಕೂಟರೂ ನುಸುಳಬಹುದು, ಕಾರು ಮಾತ್ರ ಹೊರಗೆ ಬರುವುದಿಲ್ಲ. ವಾರದಲ್ಲಿ ಎರಡು ಮೂರು ದಿನ ಹೀಗೆ.

ಎರಡು ವರ್ಷ ನಾನು ಸುಮ್ಮನಿದ್ದೆ. ಯಾಕೆ ಅಂತ ಕೇಳಿದರೆ ಉತ್ತರ ನಿಮಗೂ ಗೊತ್ತಿರಬಹುದು. ಹೊರಗಿನ ಊರಿನಲ್ಲಿ ಮನೆ ಮಾಡಿದವರಿಗೆ ಒಂದು ಅಂಜಿಕೆ ಇರುತ್ತದೆ. ಜಗಳ ಕಾರಿನಿಂದ ಶುರುವಾದರೂ ಮೂರನೇ ಮಾತಿಗೆ "ನೀವು ಕಾನಡಿ ಮಂದಿ" ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೇನೋ ಅಂತ. 2022ರ ಡಿಸೆಂಬರಿನಲ್ಲಿ ಗಡಿ ವಿಷಯ ಬಿಸಿಯಾದಾಗ ಅಲ್ಲಿ ಬೆಳಗಾವಿ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಇಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ನಮ್ಮ ಓಣಿಯಲ್ಲಿ ಯಾರೂ ಏನೂ ಅನ್ನಲಿಲ್ಲ ನಿಜ. ಆದರೂ ಆ ವಾರ ನಾನು ಫೋನಿನಲ್ಲಿ ಮಾತಾಡುವಾಗ ದನಿ ಸ್ವಲ್ಪ ಇಳಿಸಿದ್ದೆ.

ನನ್ನ ಹೆಂಡತಿ ಗದಗಿನವಳು, ಅವಳಿಗೆ ಈ ಅಂಜಿಕೆ ಇಲ್ಲ. "ಹೋಗಿ ಹೇಳ್ರಿ ಅವರಿಗೆ. ಇಷ್ಟು ವರ್ಷ ಮನೀ ಟ್ಯಾಕ್ಸ್ ಕಟ್ಟೇವಿ, ಇನ್ನೂ ಯಾಕ ಅಂಜತೀರಿ?" ಅನ್ನುತ್ತಿದ್ದಳು. ನಾಳೆ ಹೇಳತೇನಿ ಅಂತ ನಾನು ದಿನ ದೂಡುತ್ತಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ಒಂದು ರಾತ್ರಿ ಎರಡೂಕಾಲಿಗೆ ಫೋನ್ ಬಂತು. ಧಾರವಾಡದಿಂದ ಮಾಮಾನ ಮಗ. "ಅಣ್ಣಾ, ಅಪ್ಪಾ ಹೋದ್ರೋ. ಹತ್ತರ ತನಕಾ ಕಾಯತೇವಿ, ಬಾ." ನಮ್ಮ ಈ ಸೋದರಮಾವನ ಮನೆಯಲ್ಲಿದ್ದುಕೊಂಡೇ ನಾನು ಕರ್ನಾಟಕ ಕಾಲೇಜಿಗೆ ಹೋದದ್ದು. ಐದು ವರ್ಷ ಅವರ ಅನ್ನ ಉಂಡಿದ್ದೇನೆ. ಹತ್ತು ನಿಮಿಷದಲ್ಲಿ ಬಟ್ಟೆ ಹಾಕಿಕೊಂಡು ಗೇಟು ತೆಗೆದರೆ, ಬಿಳಿ ಕಾರು.

ಹಾರ್ನ್ ಹೊಡೆದೆ. ಯಾರೂ ಏಳಲಿಲ್ಲ. ವಾಚ್‌ಮನ್ನನನ್ನು ಎಬ್ಬಿಸಿದರೆ ಅವನು ಹೊಸಬ, ಯಾವ ಫ್ಲ್ಯಾಟಿನವರ ಕಾರು ಅಂತ ಗೊತ್ತಿಲ್ಲ. ಪಾಪ, ಒಂದೊಂದೇ ಮಾಳಿಗೆ ಹತ್ತಿ ಬಾಗಿಲು ಬಡಿದ. ಮೂರನೇ ಮಾಳಿಗೆಯವರು ಕಣ್ಣು ಉಜ್ಜಿಕೊಳ್ಳುತ್ತ ಇಳಿದು ಬಂದು ಕಾರು ತೆಗೆಯುವಷ್ಟರಲ್ಲಿ ಐವತ್ತು ನಿಮಿಷ ಹೋಗಿತ್ತು. "ಸಾರಿ ಕಾಕಾ" ಅಂದರು. ನಾನು ಏನೂ ಮಾತಾಡದೆ ಹೊರಟೆ.

ಧಾರವಾಡ ಇಲ್ಲಿಂದ ನಾನೂರು ಕಿಲೋಮೀಟರಿನ ಮೇಲೆ. ಕೊಲ್ಹಾಪುರದ ಆಸುಪಾಸು ರಸ್ತೆ ಅಗಲ ಮಾಡುವ ಕೆಲಸ ಬೇರೆ. ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಹತ್ತೂಕಾಲಿನವರೆಗೂ ಕಾದರಂತೆ. ನಾನು ನೇರ ಸ್ಮಶಾನಕ್ಕೇ ಹೋದೆ. ಬೆಂಕಿ ಹತ್ತಿತ್ತು. ಮುಖ ಕಾಣಲಿಲ್ಲ.

ಆ ಐವತ್ತು ನಿಮಿಷ ಸಿಕ್ಕಿದ್ದರೆ ಕಾಣುತ್ತಿತ್ತೇ? ಲೆಕ್ಕ ಹಾಕಿದರೆ ಕಾಣುತ್ತಿತ್ತು. ಆದರೆ ಕಾಗಲ್ ದಾಟಿದ ಮೇಲೆ ಚಹಾಕ್ಕೆ ಹತ್ತು ನಿಮಿಷ ನಿಲ್ಲಿಸಿದವನೂ ನಾನೇ. ಆಗ ಮಾತ್ರ ಅದು ನೆನಪಿಗೆ ಬರಲಿಲ್ಲ. ಎಲ್ಲ ತಪ್ಪನ್ನೂ ಬಿಳಿ ಕಾರಿನ ಮೇಲೆ ಹಾಕಿದೆ.

ಹತ್ತು ದಿನ ಬಿಟ್ಟು ಪುಣೆಗೆ ಬಂದೆ. ಅಷ್ಟಾದ ಮೇಲಾದರೂ ಅವರಿಗೆ ಬುದ್ಧಿ ಬಂದಿರುತ್ತದೆ ಅಂದುಕೊಂಡರೆ ಮರುವಾರವೇ ಕಾರು ಮತ್ತೆ ಅಲ್ಲೇ! ಪೇಂಟರನನ್ನು ಕರೆಸಿ ಬೋರ್ಡು ಬರೆಸಿದೆ. ಗೇಟಿನ ಎರಡೂ ಬದಿ ನಮ್ಮ ಗೋಡೆಯುದ್ದಕ್ಕೂ ದೊಡ್ಡ ದೊಡ್ಡ ಹೂವಿನ ಕುಂಡ ಇಟ್ಟೆ. (ಕುಂಡಕ್ಕೆ ಮರಾಠಿಯಲ್ಲಿ ಏನನ್ನುತ್ತಾರೆ ಅಂತ ಇಲ್ಲಿ ಬರೆಯಲಾರೆ. ಇಲ್ಲಿಗೆ ಹೊಸದಾಗಿ ಬಂದ ಪ್ರತಿ ಕನ್ನಡಿಗನೂ ಆ ಶಬ್ದ ಕೇಳಿ ಒಂದು ಸಲ ನಕ್ಕಿರುತ್ತಾನೆ!) ಬೋರ್ಡಿಗೂ ಕುಂಡಗಳಿಗೂ ಕಾರು ಜಗ್ಗಲಿಲ್ಲ. ಇನ್ನಷ್ಟು ಗೇಟಿನ ಕಡೆಗೇ ಸರಿಯಿತು.

ನಾಚಿಕೆಯ ಮಾತು, ಆದರೂ ಹೇಳಿಬಿಡುತ್ತೇನೆ. ಒಂದು ರಾತ್ರಿ ಹನ್ನೊಂದು ಗಂಟೆಗೆ ಬೆಂಕಿಕಡ್ಡಿ ಹಿಡಿದು ಆ ಕಾರಿನ ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತೆ. ಸುಂಯ್ ಅಂತ ಸಪ್ಪಳ ಬಂದ ಕೂಡಲೇ ಎದೆ ಹೊಡೆದುಕೊಂಡಿತು. ಎದ್ದು ಒಳಗೆ ಬಂದೆ. ಐವತ್ತೊಂಬತ್ತು ವರ್ಷದ ಮನುಷ್ಯ, ಅಜ್ಜ ಆಗಿದ್ದೇನೆ, ಕತ್ತಲಲ್ಲಿ ಮತ್ತೊಬ್ಬರ ಗಾಲಿಯ ಗಾಳಿ ಬಿಡುತ್ತ ಕೂತಿದ್ದೇನೆ! ಮಾಮಾ ನೋಡಿದ್ದರೆ ಏನನ್ನುತ್ತಿದ್ದರು?

ಮರುದಿನ ಭಾನುವಾರ. ಬೆಳಿಗ್ಗೆ ಹತ್ತು ಗಂಟೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಮೂರನೇ ಮಾಳಿಗೆ ಹತ್ತಿ ಬೆಲ್ ಒತ್ತಿದೆ. ಒಂದೇ ಸಲ.

ಬಾಗಿಲು ತೆಗೆದವರ ಮುಖದಲ್ಲಿ ಗಾಬರಿ. ಒಳಗೆ ಕರೆದರು, ಚಹಾ ಬಂತು. ಬೈಯಬಾರದು ಅಂತ ಮೊದಲೇ ನಿಶ್ಚಯಿಸಿಕೊಂಡಿದ್ದೆ. ಆ ರಾತ್ರಿ ಯಾಕೆ ಹೊರಟಿದ್ದೆ ಅಂತ ಹೇಳಿದೆ, ಅಷ್ಟೇ. ಅವರು ಕಪ್ಪು ಕೆಳಗಿಟ್ಟರು. "ಕಾಕಾ, ಮಲಾ ಮಾಹೀತ್ ನವ್ಹತಂ." ನನಗೆ ಗೊತ್ತಿರಲಿಲ್ಲ. ನಾನು ಎಲ್ಲೋ ಪ್ರವಾಸಕ್ಕೆ ಹೊರಟಿದ್ದೆ ಅಂದುಕೊಂಡಿದ್ದರಂತೆ. ಹೌದಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಬಾಯಿ ಬಿಟ್ಟು ಹೇಳಿದ್ದೆನೇ?

ಮಾತು ಬೆಳೆಯಿತು. ಅವರ ಊರು ಲಾತೂರು. ಬಾಡಿಗೆಗೆ ಇದ್ದಾರೆ, ಕೆಳಗಿನ ಎಂಟು ಜಾಗದಲ್ಲಿ ಅವರಿಗೆ ಪಾಲಿಲ್ಲ. ಇಷ್ಟು ದಿನ ನನ್ನನ್ನು ಯಾಕೆ ಮಾತಾಡಿಸಲಿಲ್ಲ ಅಂದರೆ, ನಾನು ಪಕ್ಕಾ ಪುಣೇಕರ ಅಂತ ಅವರಿಗೆ ಅಂಜಿಕೆ! ಬೋರ್ಡು ನೋಡಿದರಲ್ಲ. ಮರಾಠವಾಡಾದವರು ಅಂತ ಗೊತ್ತಾದರೆ ಮಾತಿನಲ್ಲೇ ಚುಚ್ಚುತ್ತಾರೆ ಅಂತ ಗಂಡ ಹೆಂಡತಿ ಇಬ್ಬರೂ ನನ್ನ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದರಂತೆ. ನಾನು ಧಾರವಾಡದವನು ಅಂದಾಗ ಅವರ ಹೆಂಡತಿ ಒಳಗಿನಿಂದ ಬಂದು ನನ್ನನ್ನು ಇನ್ನೊಮ್ಮೆ ನೋಡಿ ಹೋದರು.

ಎರಡು ವರ್ಷ ಒಂದು ಓಣಿಯ ಈ ಬದಿಗೊಬ್ಬ, ಆ ಬದಿಗೊಬ್ಬ ಹೊರಗಿನವರು ಒಬ್ಬರಿಗೊಬ್ಬರು ಅಂಜಿಕೊಂಡು ಕೂತಿದ್ದೆವು. ನಡುವೆ ಒಂದು ಬೋರ್ಡು.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಗೇಟಿನ ಮುಂದೆ ಬೇಡ ಅಂತೀರಿ, ತಪ್ಪು ನಂದೇ. ಆದರೆ ಗೋಡೆಯ ಮುಂದೆಯೂ ಕುಂಡ ಇಟ್ಟಿದ್ದೀರಲ್ಲ ಕಾಕಾ? ಈ ಓಣಿಯಲ್ಲಿ ಎಲ್ಲರೂ ಏನಾದರೂ ಇಟ್ಟಿದ್ದಾರೆ. ಕಲ್ಲು, ಡ್ರಮ್ಮು, ಮುರಿದ ಕುರ್ಚಿ. ನಾನು ಎಲ್ಲಿ ನಿಲ್ಲಿಸಲಿ?"

ಕೆಳಗೆ ಇಳಿದು ಬಂದು ಹೆಜ್ಜೆ ಹಾಕಿ ಅಳೆದೆ. ಗೇಟಿನ ಎಡಕ್ಕೆ ನಮ್ಮ ಕುಂಡಗಳ ಸಾಲು ಸುಮಾರು ನಾಲ್ಕೂವರೆ ಮೀಟರ್. ಅವರ ಕಾರು ನಾಲ್ಕು ಮೀಟರಿನೊಳಗೆ!

ಇಲ್ಲಿಂದ ಮುಂದೆ ನನ್ನ ಅಭಿಪ್ರಾಯ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಪಾರ್ಕಿಂಗ್ ಅಂತ ನಾವು ಗೊಣಗುವಾಗ ಎರಡು ಬೇರೆ ವಿಷಯ ಕಲಸುತ್ತೇವೆ. ಗೇಟಿಗೆ ಅಡ್ಡ ನಿಲ್ಲಿಸುವುದು ಒಂದು. ಅದು ತಪ್ಪು, ಕಾನೂನಿನಲ್ಲೂ ತಪ್ಪು. ಮಹಾರಾಷ್ಟ್ರದಲ್ಲಿ 2021ರ ಡಿಸೆಂಬರಿನಿಂದ ನಿಲ್ಲಿಸಬಾರದ ಕಡೆ ನಿಲ್ಲಿಸಿದರೆ ಮೊದಲ ಸಲಕ್ಕೆ 500 ರೂಪಾಯಿ, ಮತ್ತೆ ಸಿಕ್ಕರೆ 1500 ರೂಪಾಯಿ ದಂಡ. ನಮ್ಮ ಗೋಡೆಯ ಎದುರು ರಸ್ತೆಯಲ್ಲಿ ನಿಲ್ಲಿಸುವುದು ಇನ್ನೊಂದು. ನಿಷೇಧ ಇಲ್ಲದ ಕಡೆ, ದಾರಿಗೆ ಅಡ್ಡಿಯಾಗದಿದ್ದರೆ, ಅದು ಅವರ ಹಕ್ಕು, ನನಗೆ ಎಷ್ಟೇ ಕಣ್ಣು ಕಿಸಿರಾದರೂ. ಅದನ್ನು ತಪ್ಪಿಸಲು ರಸ್ತೆಯಲ್ಲಿ ಕುಂಡ ಇಟ್ಟವನು ನಾನು. ಲೆಕ್ಕ ಹಿಡಿದರೆ ಅತಿಕ್ರಮಣ ನನ್ನದು. ಹೂ ಬಿಟ್ಟಿದೆ ಅಂತ ಅತಿಕ್ರಮಣ ಅಲ್ಲದೆ ಹೋಗುತ್ತದೆಯೇ?

ಮೂರನೆಯದು ಬಿಲ್ಡಿಂಗಿನ ಒಳಗಿನ ಸಂಗತಿ. ಕೆಳಗಿನ ಜಾಗ ಬಿಲ್ಡರ್ ಬೇರೆಯಾಗಿ ಮಾರುವ ಸರಕಲ್ಲ, ಅದು ಸೊಸೈಟಿಯ ಸಾಮಾಯಿಕ ಜಾಗ ಅಂತ ಸುಪ್ರೀಂ ಕೋರ್ಟು 2010ರ ಆಗಸ್ಟಿನಲ್ಲೇ ಮುಂಬೈನ ದಹಿಸರದ ಒಂದು ಸೊಸೈಟಿಯ ಪ್ರಕರಣದಲ್ಲಿ, ಮಹಾರಾಷ್ಟ್ರದ 1963ರ ಫ್ಲ್ಯಾಟ್ ಕಾಯ್ದೆಯ ಆಧಾರದಲ್ಲಿ ತೀರ್ಪು ಕೊಟ್ಟಿತ್ತು. ಸೊಸೈಟಿಗಳು ಕೂತು ನ್ಯಾಯವಾಗಿ ಹಂಚಿಕೊಂಡರೆ, ಬಾಡಿಗೆಯವರನ್ನೂ ಎಣಿಕೆಗೆ ಹಿಡಿದರೆ, ರಸ್ತೆಯ ಭಾರ ಸ್ವಲ್ಪವಾದರೂ ಇಳಿಯುತ್ತದೆ. ಆ ಬಿಲ್ಡಿಂಗಿನಲ್ಲಿ ಒಂದು ಜಾಗದಲ್ಲಿ ವರ್ಷಗಟ್ಟಲೆ ಹಳೇ ಸೋಫಾ ಕೂತಿದೆ, ನಾನೇ ಕಣ್ಣಾರೆ ನೋಡಿದ್ದೇನೆ.

ಇನ್ನು ನಗರದ ಮಾತು. ಪುಣೆಯ ಎಷ್ಟೋ ರಸ್ತೆಗಳಲ್ಲಿ ಪಿ1, ಪಿ2 ಅಂತ ಬೋರ್ಡು ಇವೆ, ಸಮ ತಾರೀಕಿಗೆ ಒಂದು ಬದಿ, ಬೆಸ ತಾರೀಕಿಗೆ ಇನ್ನೊಂದು ಬದಿ. ನಮ್ಮ ಓಣಿಗೆ ಅದೂ ಇಲ್ಲ, ಎರಡೂ ಬದಿಗೆ ಕಾರು. ಓಣಿಯ ಅಗಲ ಆರು ಮೀಟರ್. ಎರಡು ಕಾರು ಸೇರಿ ಮೂರೂವರೆ ನುಂಗಿದರೆ ಉಳಿದದ್ದು ಎರಡೂವರೆ. ಬೆಂಕಿ ಆರಿಸುವ ಬಂಬು ಇರುವುದೇ ಸುಮಾರು ಎರಡೂವರೆ ಮೀಟರ್ ಅಗಲ! 2018ರಲ್ಲಿ ಪಾಲಿಕೆ ರಸ್ತೆಯಲ್ಲಿ ನಿಲ್ಲಿಸಲು ದುಡ್ಡು ಕೊಡಬೇಕು ಅನ್ನುವ ನೀತಿ ತಂದಾಗ ಊರೆಲ್ಲ ಎದುರು ಬಿದ್ದಿತು, ಕೊನೆಗೆ ಪ್ರಯೋಗಕ್ಕೆ ಅಂತ ಐದು ರಸ್ತೆಗೆ ಇಳಿಸಿದರು. ಎದುರು ಬಿದ್ದವರಲ್ಲಿ ನಾನೂ ಒಬ್ಬ. ಈಗ ತಪ್ಪು ಮಾಡಿದೆ ಅನ್ನಿಸುತ್ತದೆ. ನನ್ನ ಕಾರು ದಿನಕ್ಕೆ ಒಂದು ತಾಸು ಓಡುತ್ತದೆ, ಇಪ್ಪತ್ಮೂರು ತಾಸು ನಿಂತಿರುತ್ತದೆ. ಹಾಗೆ ನಿಲ್ಲುವ ಜಾಗ ಎಲ್ಲರದೂ ಆಗಿದ್ದರೆ ಅದಕ್ಕೆ ಬಾಡಿಗೆ ಕೊಡುವುದು ನ್ಯಾಯ.

ಆದರೆ ಅವೆಲ್ಲ ಬರುವ ತನಕ ಓಣಿಯ ಮಂದಿ ಬದುಕಬೇಕಲ್ಲ? ಎಡಬದಿಯ ಕುಂಡಗಳನ್ನು ಒಳಗೆ ತಂದೆ. ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. "ನಾ ಹೇಳಿದಾಗ ಹೋಗಿ ಮಾತಾಡಿದ್ರ ನನ್ನ ದಾಸವಾಳರೆ ಉಳೀತಿತ್ತು" ಅಂದಳು. ಒಳಗಿನ ಅಂಗಳದಲ್ಲಿ ಜಾಗ ಸಾಲದ ಒಂದು ಕುಂಡ ಲಾತೂರಿನವರ ಬಾಲ್ಕನಿಗೆ ಹೋಯಿತು. ಅವರ ಕಾರು ಈಗ ನಮ್ಮ ಗೋಡೆಗೆ ಹತ್ತಿ ನಿಲ್ಲುತ್ತದೆ, ಗೇಟು ಖುಲ್ಲಾ. ಗಾಜಿನ ಒಳಗೆ ಅವರ ಮೊಬೈಲ್ ನಂಬರಿನ ಚೀಟಿ ಇದೆ. ಅಷ್ಟು ಚೀಟಿ ಆ ರಾತ್ರಿ ಇದ್ದಿದ್ದರೆ... ಇರಲಿ.

ಎಲ್ಲ ಸುಖಾಂತ ಅಂತ ತಿಳಿಯಬೇಡಿ. ಆ ಬಿಲ್ಡಿಂಗಿಗೆ ಬರುವ ನೆಂಟರು ಈಗಲೂ ಒಮ್ಮೊಮ್ಮೆ ಗೇಟಿಗೆ ಅಡ್ಡ ನಿಲ್ಲಿಸಿ ಹೋಗುತ್ತಾರೆ. ಆಗ ಲಾತೂರಿನವರಿಗೆ ಫೋನ್ ಮಾಡುತ್ತೇನೆ, ಅವರು ಹುಡುಕಿ ತರುತ್ತಾರೆ. ಮಾತಾಡಿದರೂ ಕೇಳದವರು ಇದ್ದರೆ ಪೊಲೀಸರಿಗೆ ಹೇಳಲು ನನಗೆ ಈಗ ಅಂಜಿಕೆಯೂ ಇಲ್ಲ. ನಮ್ಮ ಊರು ಯಾವುದೇ ಇರಲಿ, ಗೇಟು ನಮ್ಮದೇ ತಾನೇ? ಆದರೆ ಅದು ಎರಡನೇ ಹೆಜ್ಜೆ. ಮೊದಲನೆಯದನ್ನು ಹಾರಿ ಎರಡನೆಯದಕ್ಕೆ ಹೋದರೆ ಓಣಿಯಲ್ಲಿ ಇರುವುದು ಹೇಗೆ?

ಬೋರ್ಡು ಇನ್ನೂ ಇದೆ, ಎಷ್ಟಾದರೂ ಪುಣೆ! ಎರಡನೇ ಸಾಲಿನ ಮೇಲೆ ಮಾತ್ರ ಬಣ್ಣ ಬಳಿಸಿದ್ದೇನೆ.

ನಿಮ್ಮ ಓಣಿಯಲ್ಲೂ ಇಂಥದೊಂದು ಕಾರು ಇದ್ದೇ ಇರುತ್ತದೆ. ಬೋರ್ಡು ಬರೆಸುವ ಮೊದಲು ಒಂದು ಸಲ ಹೋಗಿ ಬೆಲ್ ಒತ್ತಿ ನೋಡಿ. ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಮಾತ್ರ ಬೇಡ!