ವಿಕ್ಸ್‌ಬರ್ಗ್: ನದಿಯ ತಿರುವಿನಲ್ಲಿ ತಿರುಗಿದ ಯುದ್ಧ

ಅಮೆರಿಕದ ಅಂತರ್ಯುದ್ಧ ಎಂದೊಡನೆ ಮೊದಲು ನೆನಪಿಗೆ ಬರುವ ಹೆಸರು ಗೆಟಿಸ್‌ಬರ್ಗ್. 1863ರ ಜುಲೈ 1ರಿಂದ ಮೂರು ದಿನ ನಡೆದ ಆ ಕಾಳಗದಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎರಡೂ ಕಡೆ ಸೇರಿ ಸುಮಾರು 51 ಸಾವಿರ. ಲಿಂಕನ್ನನ ಪ್ರಸಿದ್ಧ ಭಾಷಣವೂ ಅಲ್ಲಿಯದೇ. ಹೀಗಾಗಿ ಯುದ್ಧದ ದಿಕ್ಕು ಬದಲಾದದ್ದು ಅಲ್ಲಿಯೇ ಎಂಬ ಮಾತು ಬೇರೂರಿಬಿಟ್ಟಿದೆ. ಆದರೆ ಆ ಕಾಳಗ ಮುಗಿದ ಮರುದಿನವೇ, ಜುಲೈ 4ರಂದು, ನೂರಾರು ಮೈಲಿ ಆಚೆ ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಬಿಳಿ ಬಾವುಟ ಹಾರಿತು. ಸುಮಾರು 29,500 ಸೈನಿಕರು ಸಾಲಾಗಿ ಬಂದು ಕೋವಿಗಳನ್ನು ಕೆಳಗಿಟ್ಟರು. ಗೆಟಿಸ್‌ಬರ್ಗ್‌ನಲ್ಲಿ ದಕ್ಷಿಣದ ಸೇನೆ ಸೋತು ಹಿಂದಿರುಗಿತು, ಅಷ್ಟೆ. ವಿಕ್ಸ್‌ಬರ್ಗ್‌ನಲ್ಲಿ ದಕ್ಷಿಣದ ಒಂದು ಸೇನೆಯೇ ಇಲ್ಲವಾಯಿತು.

ಯುದ್ಧದ ಬೇರು ಇದ್ದದ್ದು ಗುಲಾಮಗಿರಿಯಲ್ಲಿ. ರಾಜ್ಯಗಳ ಹಕ್ಕು, ಸುಂಕದ ದರ ಮುಂತಾದ ಬೇರೆ ಕಾರಣಗಳನ್ನು ಆಮೇಲೆ ಎಷ್ಟೇ ಪೋಣಿಸಿದರೂ ದಕ್ಷಿಣದವರು ಉಳಿಸಿಕೊಳ್ಳಲು ಹೊರಟದ್ದು ಆ ಒಂದು ಹಕ್ಕನ್ನೇ. 1860ರ ಚುನಾವಣೆಯಲ್ಲಿ ಅಬ್ರಹಾಂ ಲಿಂಕನ್ ಗೆದ್ದ ಬಳಿಕ ಒಂದೊಂದಾಗಿ ಹನ್ನೊಂದು ರಾಜ್ಯಗಳು ಒಕ್ಕೂಟದಿಂದ ಹೊರನಡೆದವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಬಿದ್ದಿತು. ಉತ್ತರದಲ್ಲಿ ಸುಮಾರು 2 ಕೋಟಿ 20 ಲಕ್ಷ ಜನ. ದಕ್ಷಿಣದಲ್ಲಿ 90 ಲಕ್ಷ, ಅದರಲ್ಲಿ 35 ಲಕ್ಷ ಗುಲಾಮರು. ಕಾರ್ಖಾನೆಗಳು, ರೈಲು ಹಳಿಗಳು ಬಹುಪಾಲು ಉತ್ತರದವು. ಇಷ್ಟೆಲ್ಲ ಇದ್ದೂ ಗೆಲ್ಲಲು ನಾಲ್ಕು ವರ್ಷ ಏಕೆ ಬೇಕಾಯಿತು?

ಉತ್ತರ ಹೇಗೆ ಗೆಲ್ಲಬಹುದು ಎಂಬುದನ್ನು ಮೊದಲೇ ಕಂಡವನು ವಿನ್‌ಫೀಲ್ಡ್ ಸ್ಕಾಟ್. ಆಗಿನ ಸೇನಾ ಮುಖ್ಯಸ್ಥ. ವಯಸ್ಸು 74. ಸಂಧಿವಾತ ಮತ್ತು ಭಾರೀ ಮೈಯಿಂದಾಗಿ ಕುದುರೆ ಹತ್ತಲೂ ಆಗದ ಸ್ಥಿತಿ. ಆದರೆ ನಕಾಶೆ ಓದುವುದಕ್ಕೆ ಕುದುರೆ ಬೇಕಿಲ್ಲವಲ್ಲ! ದಕ್ಷಿಣದ ಕಡಲ ತೀರವನ್ನೆಲ್ಲ ಹಡಗುಗಳಿಂದ ಮುಚ್ಚಿ, ಮಿಸಿಸಿಪ್ಪಿ ನದಿಯನ್ನು ಉದ್ದಕ್ಕೂ ವಶಪಡಿಸಿಕೊಂಡರೆ ಬಂಡಾಯ ತಾನಾಗಿ ಉಸಿರುಗಟ್ಟುತ್ತದೆ ಎಂದು ಅವನು ಹೇಳಿದ. ಪತ್ರಿಕೆಗಳು ಇದನ್ನು ಹೆಬ್ಬಾವಿನ ಯೋಜನೆ ಎಂದು ಗೇಲಿ ಮಾಡಿದವು. ಅವುಗಳಿಗೆ ಬೇಕಿದ್ದದ್ದು ಬಂಡಾಯಗಾರರ ರಾಜಧಾನಿ ರಿಚ್ಮಂಡ್‌ಗೆ ನೇರ ದಂಡಯಾತ್ರೆ. ಆ ದಂಡಯಾತ್ರೆ 1861ರ ಜುಲೈನಲ್ಲಿ ಬುಲ್ ರನ್ ಹಳ್ಳದ ಬಳಿ ಮುಗ್ಗರಿಸಿತು. ಕಾಳಗ ನೋಡಲು ವಾಷಿಂಗ್ಟನ್ನಿನಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದ ಪ್ರೇಕ್ಷಕರೂ ಸೈನಿಕರೊಡನೆ ದಿಕ್ಕಾಪಾಲಾಗಿ ಓಡಬೇಕಾಯಿತು.

ಸ್ಕಾಟ್‌ನ ಹೆಬ್ಬಾವಿನ ಬಾಲ ನಮ್ಮ ಕಡೆಗೂ ತಾಗಿತ್ತು. ದಕ್ಷಿಣದ ಬಂದರುಗಳು ಮುಚ್ಚಿದ್ದರಿಂದ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಬ್ರಿಟಿಷರ ಕಣ್ಣು ಧಾರವಾಡ, ಗದಗಿನ ಕಪ್ಪು ನೆಲದ ಮೇಲೆ ಬಿತ್ತು. ಅಮೆರಿಕದ ಬೀಜದಿಂದ ಅಲ್ಲಿ ಆಗಲೇ ‘ಧಾರವಾಡ ಅಮೆರಿಕನ್’ ಹತ್ತಿ ಬೆಳೆಯುತ್ತಿದ್ದರು. ಬೆಲೆ ಗಗನಕ್ಕೇರಿತು. ಆ ಹತ್ತಿಯ ಅಂಡಿಗೆಗಳನ್ನು ಕಾರವಾರ ಬಂದರಿನ ಮೂಲಕ ಸಾಗಿಸಬೇಕೆಂಬ ಒತ್ತಾಯದಿಂದಲೇ 1862ರಲ್ಲಿ ಉತ್ತರ ಕನ್ನಡ ಮದ್ರಾಸಿನ ಕೈಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1865ರಲ್ಲಿ ಅಲ್ಲಿ ಯುದ್ಧ ನಿಂತಿತು. ಇಲ್ಲಿ ಹತ್ತಿಯ ದರ ಕುಸಿದು, ಮುಂಬಯಿಯ ಬ್ಯಾಂಕುಗಳು ದಿವಾಳಿಯೆದ್ದವು.

ಅದು ಹಾಗಿರಲಿ. ಪೂರ್ವದ ರಣರಂಗದಲ್ಲಿ ಮೆರೆದವನು ರಾಬರ್ಟ್ ಇ. ಲೀ. ಸಂಭಾವಿತ, ಧೀರ, ಎದುರಾಳಿಯ ಅಳುಕನ್ನು ಮುಖ ನೋಡದೆಯೇ ಓದಬಲ್ಲವನು. ಒಕ್ಕೂಟದ ಸೇನಾಧಿಪತ್ಯ ತನ್ನ ಬಾಗಿಲಿಗೇ ಬಂದಾಗ ನಿರಾಕರಿಸಿ ತನ್ನ ವರ್ಜೀನಿಯದ ಕಡೆ ಹೋದವನು. ಮೆಕ್ಲೆಲನ್, ಪೋಪ್, ಬರ್ನ್‌ಸೈಡ್, ಹುಕರ್ – ಲಿಂಕನ್ ಕಳುಹಿಸಿದ ಸೇನಾನಿಗಳನ್ನು ಒಬ್ಬರಾದ ಮೇಲೊಬ್ಬರಂತೆ ಅವನು ಹಿಮ್ಮೆಟ್ಟಿಸಿದ. ಆದರೆ ಪ್ರತಿ ಗೆಲುವಿಗೂ ಅವನು ತೆತ್ತ ಬೆಲೆ ದಕ್ಷಿಣಕ್ಕೆ ತುಂಬಿಕೊಳ್ಳಲಾಗದ ಬೆಲೆ. 1863ರ ಮೇ ತಿಂಗಳ ಚಾನ್ಸೆಲರ್ಸ್‌ವಿಲ್ ಅವನ ಅತಿ ಸುಂದರ ಗೆಲುವು ಎನ್ನುತ್ತಾರೆ. ಅಲ್ಲಿ ಅವನ ಬಲಗೈಯಂತಿದ್ದ ‘ಸ್ಟೋನ್‌ವಾಲ್’ ಜ್ಯಾಕ್ಸನ್, ಕತ್ತಲಲ್ಲಿ ತಮ್ಮವರದೇ ಗುಂಡು ತಗಲಿ, ಎಂಟು ದಿನಗಳ ಬಳಿಕ ಸತ್ತ.

ಇದೇ ಹೊತ್ತಿಗೆ ಪಶ್ಚಿಮದಲ್ಲಿ ಬೇರೆಯೇ ತೆರನ ಮನುಷ್ಯನೊಬ್ಬ ಕೆಸರಿನಲ್ಲಿ ಹೋರಾಡುತ್ತಿದ್ದ. ಯುಲಿಸಿಸ್ ಎಸ್. ಗ್ರಾಂಟ್. 1854ರಲ್ಲಿ ಸೈನ್ಯಕ್ಕೆ ರಾಜೀನಾಮೆ ಕೊಟ್ಟು ಬೇಸಾಯ ಮಾಡಿ ಸೋತವನು. ಸೇಂಟ್ ಲೂಯಿಸ್‌ನ ಬೀದಿಯಲ್ಲಿ ಸೌದೆ ಮಾರಿದವನು. ಕೊನೆಗೆ ಅಪ್ಪನ ಚರ್ಮದ ಅಂಗಡಿಯಲ್ಲಿ ಗುಮಾಸ್ತೆಯಾಗಿ ಕುಳಿತವನು. ಕುಡುಕನೆಂಬ ಅಪವಾದ ಬೇರೆ ಬೆನ್ನಿಗೆ ಅಂಟಿತ್ತು. ಅವನ ಮೇಲೆ ಕಣ್ಣಿಡಲು ಯುದ್ಧ ಇಲಾಖೆ ಚಾರ್ಲ್ಸ್ ಡೇನಾ ಎಂಬ ಪತ್ರಕರ್ತನನ್ನು ಕಳುಹಿಸಿತು. ನೋಡಲು ಹೋದ ಡೇನಾ ಗ್ರಾಂಟನ ಅಭಿಮಾನಿಯೇ ಆಗಿಬಿಟ್ಟ.

ವಿಕ್ಸ್‌ಬರ್ಗ್ ಇದ್ದದ್ದು ಮಿಸಿಸಿಪ್ಪಿ ಹೇರ್‌ಪಿನ್ನಿನಂತೆ ಬಾಗುವ ಕಡೆ, ಸುಮಾರು 200 ಅಡಿ ಎತ್ತರದ ದಿಣ್ಣೆಯ ಮೇಲೆ. ತಿರುವು ದಾಟಲು ವೇಗ ತಗ್ಗಿಸುವ ಪ್ರತಿ ಹಡಗೂ ಅಲ್ಲಿನ ಫಿರಂಗಿಗಳಿಗೆ ಗುರಿ. ಟೆಕ್ಸಾಸಿನ ದನ, ಲೂಯಿಸಿಯಾನದ ಸಕ್ಕರೆ ಮತ್ತು ಉಪ್ಪು ನದಿ ದಾಟಿ ದಕ್ಷಿಣದ ಸೈನ್ಯಗಳಿಗೆ ಹೋಗಬೇಕಾದರೆ ಈ ದಾರಿ ತೆರೆದಿರಬೇಕು. ಬಂಡಾಯ ಸರ್ಕಾರದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ಸ್ವಂತ ಹತ್ತಿ ತೋಟವೂ ಅಲ್ಲಿಂದ ಸ್ವಲ್ಪ ಕೆಳಗೆ ಇದೇ ನದಿಯ ದಂಡೆಯಲ್ಲಿತ್ತು. ಊರಿನ ಉತ್ತರಕ್ಕೆ ಮೈಲುಗಟ್ಟಲೆ ಜವುಗು, ಪಶ್ಚಿಮಕ್ಕೆ ನದಿ. ಒಣನೆಲ ಇದ್ದದ್ದು ಪೂರ್ವಕ್ಕೆ ಮಾತ್ರ, ಅಂದರೆ ಶತ್ರುವಿನ ಹಿತ್ತಿಲಲ್ಲಿ.

1862ರ ಡಿಸೆಂಬರಿನಲ್ಲಿ ಗ್ರಾಂಟನ ಸಹಚರ ಶೆರ್ಮನ್ ದಿಣ್ಣೆಗೆ ಎದುರಾಗಿಯೇ ನುಗ್ಗಿ ಪೆಟ್ಟು ತಿಂದ. ನದಿಯ ತಿರುವಿಗೆ ಅಡ್ಡಲಾಗಿ ಕಾಲುವೆ ತೋಡಿ ನೀರನ್ನೇ ಊರಿನಿಂದ ದೂರ ತಿರುಗಿಸುವ ಯತ್ನವೂ ನಡೆಯಿತು. ಹಿಂದಿನ ಬೇಸಿಗೆಯಲ್ಲಿ ಇನ್ನೊಬ್ಬ ಸೇನಾನಿ ಸಾವಿರಕ್ಕೂ ಹೆಚ್ಚು ಗುಲಾಮರನ್ನು ಹಚ್ಚಿ ಅಗೆಸಿ ಕೈಬಿಟ್ಟಿದ್ದ ಕಾಲುವೆಯೇ ಅದು. ಈ ಸಲವೂ ನದಿ ಮಾತು ಕೇಳಲಿಲ್ಲ. ಕೆರೆ, ಹಳ್ಳ, ಕಾಡುಗಳ ನಡುವೆ ಬೇರೆ ದಾರಿ ಹುಡುಕಿದ ಪ್ರಯತ್ನಗಳೂ ಕೆಸರಿನಲ್ಲಿ ಹೂತುಹೋದವು. ಜ್ವರದಿಂದ ಸೈನಿಕರು ಸತ್ತರು. ಗ್ರಾಂಟನನ್ನು ತೆಗೆದುಹಾಕಿ ಎಂದು ಪತ್ರಿಕೆಗಳು ಕೂಗಿದವು.

ಮೆಂಫಿಸ್‌ಗೆ ಹಿಂದಿರುಗಿ ರೈಲು ದಾರಿ ಹಿಡಿದು ಹೊಸದಾಗಿ ಬರುವುದೇ ಯುದ್ಧಶಾಸ್ತ್ರಕ್ಕೆ ಸರಿ ಎಂದು ಶೆರ್ಮನ್ ಕಾಗದ ಬರೆದ. ಶಾಸ್ತ್ರದ ಪ್ರಕಾರ ಅವನ ಮಾತೇ ಸರಿ. ಆದರೆ ಹಿಂದಿರುಗುವುದೆಂದರೆ ಸೋತಂತೆ ಕಾಣುತ್ತದೆ, ಆಗಲೇ ಬೇಸತ್ತ ಉತ್ತರದ ಜನ ಇನ್ನೊಂದು ಸೋಲನ್ನು ತಾಳಲಾರರು ಎಂಬುದು ಗ್ರಾಂಟನ ಲೆಕ್ಕ. ಅವನು ಮುಂದಕ್ಕೇ ಹೋಗಲು ನಿರ್ಧರಿಸಿದ. 1863ರ ಏಪ್ರಿಲ್ 16ರ ರಾತ್ರಿ ನೌಕಾಧಿಕಾರಿ ಪೋರ್ಟರನ ಹಡಗುಗಳು ದೀಪ ಆರಿಸಿಕೊಂಡು ವಿಕ್ಸ್‌ಬರ್ಗ್‌ನ ಫಿರಂಗಿಗಳ ಕೆಳಗೇ ತೇಲಿಹೋದವು. ದಂಡೆಯ ಮೇಲೆ ಬೆಂಕಿ ಹಚ್ಚಿ ನದಿಯನ್ನೆಲ್ಲ ಬೆಳಗಿಸಿ ಶತ್ರುಗಳು ಗುಂಡಿನ ಮಳೆಗರೆದರೂ ಮುಳುಗಿದ್ದು ಒಂದೇ ಹಡಗು. ಸೈನ್ಯ ಅಷ್ಟರಲ್ಲಿ ಪಶ್ಚಿಮ ದಂಡೆಯ ಮೇಲೆ ಕಾಲ್ನಡಿಗೆಯಲ್ಲಿ ದಕ್ಷಿಣಕ್ಕೆ ಇಳಿಯುತ್ತಿತ್ತು. ಶತ್ರುವಿನ ಗಮನ ಬೇರೆಡೆ ಸೆಳೆಯಲು ಗ್ರಿಯರ್ಸನ್ ಎಂಬ ಅಧಿಕಾರಿ 1,700 ಅಶ್ವಾರೋಹಿಗಳೊಡನೆ ಮಿಸಿಸಿಪ್ಪಿ ರಾಜ್ಯವನ್ನು ಉತ್ತರದಿಂದ ದಕ್ಷಿಣದವರೆಗೆ ಸೀಳಿಕೊಂಡು, ರೈಲು ಹಳಿ ಕಿತ್ತು, ಹದಿನಾರು ದಿನಗಳಲ್ಲಿ ಆಚೆ ಹೊರಬಂದ. ಈ ಗ್ರಿಯರ್ಸನ್ ಯುದ್ಧಕ್ಕೆ ಮುಂಚೆ ಸಂಗೀತದ ಮೇಷ್ಟರು. ಚಿಕ್ಕಂದಿನಲ್ಲಿ ಒದೆ ತಿಂದಿದ್ದರಿಂದ ಕುದುರೆ ಕಂಡರೆ ಆಗುತ್ತಿರಲಿಲ್ಲವಂತೆ!

ಇನ್ನು ನದಿ ದಾಟುವುದೆಲ್ಲಿ? ಪೂರ್ವ ದಂಡೆಯಲ್ಲಿ ಇಳಿದ ಮೇಲೆ ಒಳನಾಡಿಗೆ ಒಣ ರಸ್ತೆ ಇರಬೇಕು; ಇಲ್ಲವಾದರೆ ಮತ್ತೆ ಅದೇ ಜವುಗು. ನಕಾಶೆಗಳು ಇದನ್ನು ಹೇಳುತ್ತಿರಲಿಲ್ಲ. ಇನ್ನೂ ಕೆಳಗೆ ರಾಡ್ನಿ ಎಂಬಲ್ಲಿಗೆ ಹೋಗಬೇಕಾದೀತು ಎಂದು ಗ್ರಾಂಟ್ ಯೋಚಿಸುತ್ತಿದ್ದ. ಆ ರಾತ್ರಿ ಒಬ್ಬ ಕಪ್ಪು ಮನುಷ್ಯ ಅವನ ಬಿಡಾರಕ್ಕೆ ಬಂದ. ಬ್ರೂಯಿನ್ಸ್‌ಬರ್ಗ್ ಎಂಬಲ್ಲಿ ಒಳ್ಳೆಯ ಕಟ್ಟೆಯಿದೆ, ಅಲ್ಲಿಂದ ಪೋರ್ಟ್ ಗಿಬ್ಸನ್ ಊರಿಗೆ ಒಳ್ಳೆಯ ರಸ್ತೆಯಿದೆ ಎಂದು ತಿಳಿಸಿದ. ಗ್ರಾಂಟ್ ನಂಬಿದ. ಏಪ್ರಿಲ್ 30ರಂದು ಸುಮಾರು 22 ಸಾವಿರ ಸೈನಿಕರು ಒಂದು ಗುಂಡೂ ಹಾರದೆ ಅಲ್ಲಿ ದಾಟಿದರು. ಹೇಳಿದ್ದು ಸುಳ್ಳಾಗಿದ್ದರೆ ಅಥವಾ ಅರ್ಧ ಸರಿಯಾಗಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಮುಂದೆ ಬರೆದ ಆತ್ಮಕಥೆಯಲ್ಲಿ ಗ್ರಾಂಟ್ ಈ ಸಂಗತಿಯನ್ನು ಒಪ್ಪಿಕೊಂಡಿದ್ದಾನೆ. ಸೇನಾನಿಗಳ, ದಳಗಳ ಹೆಸರುಗಳೆಲ್ಲ ಆ ಪುಸ್ತಕದಲ್ಲಿ ಧಾರಾಳವಾಗಿವೆ. ದಾರಿ ಹೇಳಿದವನ ಹೆಸರು ಮಾತ್ರ ಇಲ್ಲ.

ಮುಂದಿನದು ಮಿಂಚಿನ ಕೆಲಸ. ಸರಂಜಾಮಿನ ಉದ್ದ ಸಾಲನ್ನು ಗ್ರಾಂಟ್ ನೆಚ್ಚಿಕೊಳ್ಳಲಿಲ್ಲ. ತೋಟಗಳಲ್ಲಿ ಸಿಕ್ಕ ಸಾರೋಟು, ಹತ್ತಿ ಗಾಡಿಗಳಿಗೆಲ್ಲ ಮದ್ದುಗುಂಡು ತುಂಬಿಸಿದ. ಅನ್ನ ನೆಲವೇ ಕೊಡಲಿ ಎಂದ. ಅವನು ತನಗಾಗಿ ಹೊತ್ತದ್ದು ಒಂದು ಹಲ್ಲುಜ್ಜುವ ಬ್ರಷ್ ಮಾತ್ರ ಎಂದು ಜೊತೆಗಿದ್ದ ಸಂಸದ ವಾಷ್‌ಬರ್ನ್ ಬರೆದಿದ್ದಾನೆ. ನೇರ ವಿಕ್ಸ್‌ಬರ್ಗ್‌ಗೆ ಹೋಗದೆ ಮೊದಲು ಪೂರ್ವಕ್ಕೆ ತಿರುಗಿ ರಾಜ್ಯದ ರಾಜಧಾನಿ ಜ್ಯಾಕ್ಸನ್ ಹಿಡಿದು, ರೈಲು ದಾರಿ ಮುರಿದ. ಆಮೇಲೆ ಪಶ್ಚಿಮಕ್ಕೆ ಹೊರಳಿದ. ಪೋರ್ಟ್ ಗಿಬ್ಸನ್, ರೇಮಂಡ್, ಜ್ಯಾಕ್ಸನ್, ಚಾಂಪಿಯನ್ ಹಿಲ್, ಬಿಗ್ ಬ್ಲ್ಯಾಕ್ ಸೇತುವೆ – ಮೇ 1ರಿಂದ 17ರೊಳಗೆ ಐದು ಕಾಳಗ, ಐದರಲ್ಲೂ ಗೆಲುವು. ಶತ್ರುವಿನ ಎರಡು ಸೇನೆಗಳು ಒಂದಾಗಲು ಬಿಡಲೇ ಇಲ್ಲ.

ಎದುರಾಳಿ ಜಾನ್ ಪೆಂಬರ್ಟನ್ ಪಾಡು ಕನಿಕರ ಹುಟ್ಟಿಸುವಂಥದು. ಹುಟ್ಟಿದ್ದು ಉತ್ತರದ ಫಿಲಡೆಲ್ಫಿಯದಲ್ಲಿ, ಹೆಂಡತಿ ವರ್ಜೀನಿಯದವಳು. ಇಬ್ಬರು ತಮ್ಮಂದಿರು ಒಕ್ಕೂಟದ ಸೈನ್ಯದಲ್ಲಿ. ವಿಕ್ಸ್‌ಬರ್ಗ್ ಬಿಡಬೇಡ ಎಂದು ಅಧ್ಯಕ್ಷ ಡೇವಿಸ್‌ನ ಆಜ್ಞೆ. ಊರು ಹೋದರೆ ಹೋಗಲಿ, ಸೈನ್ಯ ಉಳಿಸಿಕೊಂಡು ನನ್ನನ್ನು ಕೂಡಿಕೋ ಎಂದು ಮೇಲಧಿಕಾರಿ ಜಾನ್‌ಸ್ಟನ್‌ನ ಆಜ್ಞೆ. ಎರಡನ್ನೂ ಅರ್ಧರ್ಧ ಪಾಲಿಸಲು ಹೋಗಿ ಎರಡನ್ನೂ ಕಳೆದುಕೊಂಡ. ಲೀಯಿಂದಲೂ ನೆರವು ಬರಲಿಲ್ಲ. ಅವನ ಸೈನ್ಯದ ಒಂದು ಭಾಗವನ್ನು ಪಶ್ಚಿಮಕ್ಕೆ ಕಳುಹಿಸುವ ಸಲಹೆ ಬಂದಿತ್ತು. ಮಿಸಿಸಿಪ್ಪಿಯ ಬೇಸಿಗೆಯೇ ಗ್ರಾಂಟನನ್ನು ಓಡಿಸುತ್ತದೆ ಎಂದು ಲೀ ವಾದಿಸಿ, ತಾನು ಉತ್ತರದ ಮೇಲೆ ದಂಡೆತ್ತಿ ಹೋದ. ಆ ಹಾದಿ ಅವನನ್ನು ಗೆಟಿಸ್‌ಬರ್ಗ್‌ಗೆ ಒಯ್ದಿತು. ವರ್ಜೀನಿಯದ ಆಚೆ ಅವನ ದೃಷ್ಟಿ ಹೆಚ್ಚು ದೂರ ಹಾಯುತ್ತಿರಲಿಲ್ಲ ಎಂಬ ಟೀಕೆ ಸುಳ್ಳಲ್ಲ.

ಮೇ 19 ಮತ್ತು 22ರಂದು ಗ್ರಾಂಟ್ ಕೋಟೆಗೆ ಲಗ್ಗೆ ಹಾಕಿಸಿದ. ಎರಡನೆಯದರಲ್ಲೇ ಮೂರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು. ಆಮೇಲೆ ಮುತ್ತಿಗೆ. ಗುಂಡಿನ ಮಳೆಗೆ ಹೆದರಿ ಊರಿನ ಹೆಂಗಸರು ಮಕ್ಕಳು ದಿಣ್ಣೆಯಲ್ಲಿ ಗವಿ ಕೊರೆದು ವಾಸಿಸಿದರು. ಹೇಸರಗತ್ತೆಯ ಮಾಂಸ ಊಟವಾಯಿತು. ಕಾಗದ ಮುಗಿದು ಊರಿನ ಪತ್ರಿಕೆ ಗೋಡೆಗೆ ಅಂಟಿಸುವ ಚಿತ್ರಕಾಗದದ ಹಿಂಬದಿಯಲ್ಲಿ ಅಚ್ಚಾಯಿತು. ಜೂನ್ 7ರಂದು ನದಿಯಾಚೆ ಮಿಲಿಕನ್ಸ್ ಬೆಂಡ್‌ನಲ್ಲಿ, ಕೆಲವೇ ವಾರಗಳ ಹಿಂದೆ ತೋಟಗಳಲ್ಲಿ ಗುಲಾಮರಾಗಿದ್ದ ಹೊಸ ಸೈನಿಕರು, ಹಳೆಯ ಕೋವಿ ಹಿಡಿದು ದಕ್ಷಿಣದವರ ದಾಳಿಯನ್ನು ಕೈಕೈ ಮಿಲಾಯಿಸಿ ತಡೆದರು. ಕಪ್ಪು ಜನ ಯುದ್ಧ ಮಾಡಬಲ್ಲರೇ ಎಂದು ಅನುಮಾನಿಸುತ್ತಿದ್ದ ಬಿಳಿ ಅಧಿಕಾರಿಗಳ ಬಾಯಿ ಅಂದಿನಿಂದ ಕಡಿಮೆಯಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಒಕ್ಕೂಟದ ಸೈನ್ಯ ಸೇರಿದ್ದ ಕಪ್ಪು ಸೈನಿಕರ ಸಂಖ್ಯೆ ಸುಮಾರು 1 ಲಕ್ಷ 79 ಸಾವಿರ.

ನಲವತ್ತೇಳು ದಿನಗಳ ಬಳಿಕ ಪೆಂಬರ್ಟನ್ ಶರಣಾದ. ಜುಲೈ 4 ಅಮೆರಿಕನ್ನರ ಸ್ವಾತಂತ್ರ್ಯ ದಿನ. ಅಂದು ಕೇಳಿದರೆ ಒಳ್ಳೆಯ ಷರತ್ತು ಸಿಕ್ಕೀತು ಎಂಬುದು ಆ ಉತ್ತರದವನ ಎಣಿಕೆ. ಸಿಕ್ಕಿತು ಕೂಡ. ಸೆರೆಯಾಳುಗಳಿಂದ ಮುಚ್ಚಳಿಕೆ ಬರೆಸಿಕೊಂಡು ಗ್ರಾಂಟ್ ಮನೆಗೆ ಕಳುಹಿಸಿದ. ಇಡೀ ಕಾರ್ಯಾಚರಣೆಯಲ್ಲಿ ಅವನ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 10 ಸಾವಿರ. ಕೆಲವೇ ದಿನಗಳಲ್ಲಿ ಕೆಳಗಿನ ಪೋರ್ಟ್ ಹಡ್ಸನ್ ಕೂಡ ಬಿದ್ದು ದಕ್ಷಿಣ ಎರಡು ಹೋಳಾಯಿತು. ನದಿ ದಾಟಿದ ಮೇಲೆ ಗ್ರಾಂಟ್ ತಪ್ಪು ಮಾಡಿದನೆಂದು ತನಗನ್ನಿಸಿತ್ತು, ಅವನೇ ಸರಿ, ತಾನು ತಪ್ಪು ಎಂದು ಲಿಂಕನ್ ಜುಲೈ 13ರಂದು ಕಾಗದ ಬರೆದ. ರಾಷ್ಟ್ರಾಧ್ಯಕ್ಷರು ದಂಡನಾಯಕರಿಗೆ ಇಂಥ ಕಾಗದ ಬರೆಯುವುದು ಅಪರೂಪ.

1864ರ ಮಾರ್ಚಿನಲ್ಲಿ ಗ್ರಾಂಟನ ಕೈಗೆ ಎಲ್ಲ ಸೇನೆಗಳೂ ಬಂದವು. ಎಲ್ಲ ಕಡೆಯಿಂದಲೂ ಒಟ್ಟಿಗೆ ಒತ್ತುವುದು ಅವನ ತಂತ್ರ. ತಾನು ಲೀಯ ಬೆನ್ನು ಹತ್ತಿದ. ಶೆರ್ಮನ್ ಅಟ್ಲಾಂಟಾ ಹಿಡಿದು, ಗ್ರಾಂಟ್ ಮಿಸಿಸಿಪ್ಪಿಯಲ್ಲಿ ಕಲಿಸಿದ ಪಾಠದಂತೆ ನೆಲದ ಅನ್ನವನ್ನೇ ತಿಂದುಕೊಂಡು ಕಡಲವರೆಗೆ ನಡೆದ. ಕೋಲ್ಡ್ ಹಾರ್ಬರಿನಲ್ಲಿ ಗ್ರಾಂಟ್ ಸಾವಿರಾರು ಜನರನ್ನು ವ್ಯರ್ಥವಾಗಿ ಬಲಿಕೊಟ್ಟ; ಕಟುಕ ಎಂಬ ಬಿರುದು ಅಂಟಿತು. ಆ ದಾಳಿಗಾಗಿ ತಾನು ಸದಾ ಮರುಗಿದ್ದೇನೆಂದು ಅವನೇ ಬರೆದಿದ್ದಾನೆ. ಆದರೆ ವಿಕ್ಸ್‌ಬರ್ಗ್ ಓದಿದವರು ಆ ಬಿರುದನ್ನು ಪೂರ್ತಿ ಒಪ್ಪಲಾರರು. 1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನಲ್ಲಿ ಲೀ ಶರಣಾದಾಗಲೂ, ಬಿತ್ತನೆಯ ಕಾಲ ಬಂತೆಂದು ದಕ್ಷಿಣದ ಸೈನಿಕರಿಗೆ ಅವರವರ ಕುದುರೆಗಳನ್ನು ಗ್ರಾಂಟ್ ಬಿಟ್ಟುಕೊಟ್ಟ.

ಸಾವಿರಾರು ಗುದ್ದಲಿಗಳಿಂದಲೂ ಆಗದೆ ಹೋದ ಆ ಕಾಲುವೆಯ ಕಥೆ ಮಾತ್ರ ಅಲ್ಲಿಗೇ ಮುಗಿಯಲಿಲ್ಲ. 1876ರ ಏಪ್ರಿಲಿನಲ್ಲಿ ಮಿಸಿಸಿಪ್ಪಿ ತಾನಾಗಿಯೇ ಆ ತಿರುವಿನ ಕುತ್ತಿಗೆಯನ್ನು ಕಡಿದುಕೊಂಡು ನೇರ ಹರಿಯಿತು. ವಿಕ್ಸ್‌ಬರ್ಗ್‌ನ ಹಡಗುಕಟ್ಟೆಗಳು ಕೆಸರಿನ ದಂಡೆಯಲ್ಲಿ ಉಳಿದವು. ಬೇರೊಂದು ನದಿಯ ನೀರನ್ನು ತಿರುಗಿಸಿ ತಂದು ಊರಿಗೆ ಮತ್ತೆ ದಂಡೆ ಕೊಟ್ಟದ್ದು 1903ರಲ್ಲಿ.