ಮೈಲೇಜ್ ಆಮೇಲೆ, ಮೊದಲು ಕ್ರೇಟ್ ಎಣಿಸೋಣ

ಹಾಸ್ಟೆಲ್‌ನಲ್ಲಿ ನಮ್ಮ ಜೊತೆಗಿರುವ ಗೆಳೆಯನೊಬ್ಬನ ಊರು ಕೋಲಾರದ ಹತ್ತಿರ. ಅವನ ಅಪ್ಪ ಟೊಮೆಟೊ ಬೆಳೆಯುತ್ತಾರೆ. ಮೊನ್ನೆ ಫೋನ್ ಮಾಡಿ, "ನೀವೆಲ್ಲ ಮೆಕ್ಯಾನಿಕಲ್ ಓದ್ತಿದ್ದೀರಲ್ಲಪ್ಪ, ಟಾಟಾ ಏಸ್ ತಗೊಳ್ಳೋದಾ, ಬೊಲೆರೊ ಪಿಕಪ್ಪಾ? ಯಾವುದು ಜಾಸ್ತಿ ಮೈಲೇಜ್ ಕೊಡುತ್ತೆ?" ಅಂದರು. ರೂಮಿನಲ್ಲಿದ್ದ ನಾಲ್ಕೂ ಜನ ಒಟ್ಟಿಗೆ "ಏಸ್" ಅಂದುಬಿಟ್ಟೆವು. ಎಷ್ಟು ಕ್ರೇಟ್ ಸಾಗಿಸ್ತೀರಿ ಅಂತ ಒಬ್ಬರೂ ಕೇಳಲಿಲ್ಲ.

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟ್ ಅಂದರೆ 15 ಕೆಜಿ. ಏಸ್ ಹೊರಬೇಕಾದದ್ದು ಸುಮಾರು 750 ಕೆಜಿ, ಅಂದರೆ 50 ಕ್ರೇಟ್ (ಖಾಲಿ ಕ್ರೇಟಿನ ತೂಕ ಬೇರೆ ಇದೆ, ಸದ್ಯಕ್ಕೆ ಬಿಡಿ). ದೊಡ್ಡ ಬೊಲೆರೊ ಪಿಕಪ್ 1.7 ಟನ್ ಹೊರುತ್ತದೆ. ಲೆಕ್ಕಕ್ಕೆ ಏಸ್ ಲೀಟರಿಗೆ 20 ಕಿ.ಮೀ., ಪಿಕಪ್ 14 ಕಿ.ಮೀ. ಓಡುತ್ತೆ ಅಂತ ಹಿಡ್ಕೊಳ್ಳಿ. ಮಾರುಕಟ್ಟೆ 30 ಕಿ.ಮೀ. ದೂರ. ನೂರು ಕ್ರೇಟ್ ಇದ್ದರೆ ಏಸ್ ಎರಡು ಸಲ ಹೋಗಿಬರಬೇಕು: 120 ಕಿ.ಮೀ., 6 ಲೀಟರ್. ಪಿಕಪ್‌ಗೆ ಒಂದೇ ಟ್ರಿಪ್: 60 ಕಿ.ಮೀ., 4.3 ಲೀಟರ್. ಐವತ್ತೇ ಕ್ರೇಟ್ ಇದ್ದರೆ ಏಸ್‌ಗೆ 3 ಲೀಟರ್ ಸಾಕು, ಪಿಕಪ್‌ಗೆ ಅದೇ 4.3. ಗೆಲ್ಲುವ ಗಾಡಿ ಯಾವುದು ಅಂತ ಹೇಳೋದು ಮೈಲೇಜ್ ಅಲ್ಲ, ಬೆಳೆ.

ಎಂಜಿನ್ ವಿಷಯದಲ್ಲೂ ನಮಗೆ ಇದೇ ಮರುಳು. 2005ರಲ್ಲಿ ಬಂದ ಮೊದಲ ಏಸ್‌ನಲ್ಲಿ ಇದ್ದದ್ದು ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್, 16 ಹಾರ್ಸ್‌ಪವರ್. ನಮ್ಮ ಪಾರ್ಕಿಂಗ್‌ನಲ್ಲಿ ನಿಂತಿರೋ 350 ಸಿಸಿ ಬುಲೆಟ್‌ಗೇ 20 ಇದೆ! ಆದರೂ ಏಸ್ ಮುಕ್ಕಾಲು ಟನ್ ಎಳೆಯಿತು. ಕಡಿಮೆ ಆರ್‌ಪಿಎಂನಲ್ಲೇ ಸಿಗುವ ಟಾರ್ಕು, ಅದನ್ನು ಚಕ್ರಕ್ಕೆ ಹೆಚ್ಚಿಸಿ ಕೊಡುವ ಗೇರು, ಇವೆರಡೂ ಸೇರಿ ಆ ಕೆಲಸ ಮಾಡಿದವು. ಬೊಲೆರೊದ 2523 ಸಿಸಿ ಎಂಜಿನ್ ದೊಡ್ಡದು ನಿಜ, ಆದರೆ ಖಾಲಿ ಬರುವಾಗಲೂ ಅದೇ ದೊಡ್ಡ ಎಂಜಿನ್ನಿಗೆ, ಅದೇ ಭಾರದ ಗಾಡಿಗೆ ಡೀಸೆಲ್ ಸುರಿಯಬೇಕು. ಐದು ಮೀಟರ್ ಉದ್ದದ ಆ ಗಾಡಿ ಚಿಕ್ಕಪೇಟೆಯ ಗಲ್ಲಿಗಳಲ್ಲಿ ತಿರುಗೋದೂ ಕಷ್ಟ. ಅಲ್ಲಿ ಒಂದೂವರೆ ಮೀಟರ್ ಅಗಲದ ಏಸ್‌ಗೇ ಮರ್ಯಾದೆ.

ನಮಗೆ ನಿಜವಾಗಿ ಭಯ ಹುಟ್ಟಿಸಿದ್ದು ಬೇರೆ. "ಏಸೇ ತಗೊಂಡು ಹಿಂದೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿದ್ರೆ ನೂರು ಕ್ರೇಟೂ ಹೋಗುತ್ತೆ ಅಂತಾರಲ್ಲ?" ಅಂತ ಅವರು ಎರಡನೇ ಸಲ ಫೋನ್ ಮಾಡಿದಾಗ ಕೇಳಿದರು. ಹೋಗುತ್ತೆ. ನಿಲ್ಲೋದು ಹೇಗೆ? ಲೋಡ್ ಸೇರಿ 1550 ಕೆಜಿ ಇರಬೇಕಾದ ಗಾಡಿ 2300 ಆಗುತ್ತೆ. ಅದೇ ವೇಗದಲ್ಲಿ ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟು. ಸ್ಪ್ರಿಂಗ್‌ಗೆ ಪ್ಲೇಟ್ ಸೇರಿಸಿದವರು ಬ್ರೇಕ್ ಡ್ರಮ್ ಬದಲಾಯಿಸಿರೋದಿಲ್ಲ. ಮೈಲೇಜ್ ಆಸೆಗೆ ಚಿಕ್ಕ ಗಾಡಿ ಕೊಂಡವರೇ ಕೊನೆಗೆ ಹೀಗೆ ಹೇರೋದು.

ಹಾಗಾಗಿ ಕಂಪನಿಗಳು ಒಂದು ಟನ್ ಸರಕನ್ನು ನೂರು ಕಿ.ಮೀ. ಒಯ್ಯಲು ಎಷ್ಟು ಲೀಟರ್ ಬೇಕು ಅಂತ ಬ್ರೋಷರ್‌ನಲ್ಲೇ ಅಚ್ಚು ಹಾಕಲಿ, ಪೂರ್ತಿ ಲೋಡಿಗೆ ಒಂದು, ಅರ್ಧ ಲೋಡಿಗೆ ಒಂದು. ನಾವೂ ಪರೀಕ್ಷೆಗೆ ಮಾತ್ರ ಇಂಧನ ಬಳಕೆಯ ಗ್ರಾಫ್ ಎಳೆಯೋದು ಬಿಟ್ಟು, ಊರಿಂದ ಫೋನ್ ಬಂದಾಗ ಎರಡು ನಿಮಿಷ ಪೆನ್ನು ಹಿಡಿಯೋಣ.

ಗೆಳೆಯನ ಅಪ್ಪ ಇನ್ನೂ ಗಾಡಿ ಕೊಂಡಿಲ್ಲ. ಕಳೆದ ಸೀಸನ್ನಿನ ಮಂಡಿ ಚೀಟಿಗಳನ್ನು ಹುಡುಕಿ, ಯಾವ ದಿನ ಎಷ್ಟು ಕ್ರೇಟ್ ಹೋಗಿತ್ತು ಅಂತ ಬರೆದಿಡ್ತಿದ್ದಾರಂತೆ.